ಎರಡು ಗೀಟು

ಸೇಡಂ ಬಸ್‌ಸ್ಟ್ಯಾಂಡಿನ ಹಿಂದೆ, ರಶೀದಾಬೇಗಂ ಅವರ ಝೆರಾಕ್ಸ್ ಅಂಗಡಿಯ ಮೇಲೆ ಇಂಜಿನಿಯರ್ ನಾಗೇಂದ್ರಪ್ಪನವರ ಆಫೀಸು. ಅಲ್ಲಿ ಕಟ್ಟಡಗಳ ಭಾರದ ಲೆಕ್ಕ ನೋಡುವವಳು ರಾಧಿಕಾ. ಆ ಬೆಳಿಗ್ಗೆ ಅವಳ ಚಹಾ ಕಪ್ಪಿನಲ್ಲೇ ಆರಿಹೋಗಿತ್ತು.

ಐನಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕಟ್ಟಡ ಏಳುತ್ತಿತ್ತು. ಯಾವ ಬೀಮಿನ ಮೇಲೆ ಎಷ್ಟು ಭಾರ ಎಂಬುದನ್ನು ಸೈಟ್ ನೋಡಿಕೊಳ್ಳುವ ಅಂಬಾರಾಯ ಎಕ್ಸೆಲ್‌ನಲ್ಲಿ ತುಂಬಿ ಕಳಿಸಿದ್ದ. ರಾಧಿಕಾ ಅದನ್ನು ಲೆಕ್ಕದ ಸಾಫ್ಟ್‌ವೇರಿಗೆ ಇಳಿಸಿಕೊಂಡಿದ್ದಳು. ಭಾರ ತಡೆಯುತ್ತವೆ ಎಂದು ಎಲ್ಲ ಬೀಮೂ ಹಸಿರು ಬಂದಿದ್ದವು. ಸ್ಲ್ಯಾಬ್ ಹಾಕ್ರಿ ಎಂದು ನಿನ್ನೆಯೇ ಹೇಳಿಯೂ ಆಗಿತ್ತು.

ಫೈಲಿಗೆಂದು ಪ್ರಿಂಟ್ ತೆಗೆಯಲು ಹೋದಾಗ ಕಣ್ಣಿಗೆ ಬಿತ್ತು. ಮೇಲೆ ಹಾಸುವ ಶಹಾಬಾದ ಫರಸಿ ಕಲ್ಲಿನ ಭಾರವನ್ನು ಅಂಬಾರಾಯ ಮೊದಲ ಸಾಲಿನಲ್ಲಿ ಮಾತ್ರ ಬರೆದಿದ್ದ. ಕೆಳಗೆಲ್ಲ, ಕಾಗದದ ಮೇಲೆ ಬರೆಯುವ ರೂಢಿಯಂತೆ, ಮೇಲಿನಷ್ಟೇ ಎಂದು ಎರಡೆರಡು ಗೀಟು. ಅಂಕಿಯಲ್ಲದ್ದನ್ನು ಸೊನ್ನೆ ಎಂದು ಹಿಡಿಯಲೇ ಎಂದು ಸಾಫ್ಟ್‌ವೇರ್ ಕೇಳಿತ್ತು. ಅವಳೇ ಅವಸರದಲ್ಲಿ ಹೂಂ ಎಂದು ಒತ್ತಿದ್ದಳು.

ಗೀಟು ಅಳಿಸಿ ಅಂಕಿ ತುಂಬಿದಳು. ಮೂರು ಬೀಮು ಕೆಂಪಾದವು.

ಅಂಬಾರಾಯನ ಫೋನ್ ಹತ್ತಲಿಲ್ಲ. ನಾಗೇಂದ್ರಪ್ಪನವರದು ಬಂದ್. ಮೆಟ್ಟಿಲು ಇಳಿದು ರಶೀದಾಬೇಗಂ ಅವರ ಅಂಗಡಿಗೆ ಓಡಿದಳು.

"ಏನಾಯ್ತು ಬೇಟಿ? ಮಾರಿ ಹಿಂಗ್ಯಾಕ?"

"ಆಪಾ, ಐನಾಪುರದ ಸ್ಲ್ಯಾಬ್ ನಿಲ್ಲಿಸ್ಬೇಕು. ಇಲ್ಲಾಂದ್ರ ಹುಡಿಗ್ಯಾರ ಮ್ಯಾಲ ಬೀಳ್ತದ."

ರಶೀದಾಬೇಗಂ ಗಿರಾಕಿಗಳನ್ನು ನಿಲ್ಲಿಸಿ ಮೊಬೈಲ್ ತೆಗೆದರು. ಅವರ ಅಣ್ಣ ಮಜೀದಸಾಬ ಅದೇ ಸೈಟಿಗೆ ನೀರಿನ ಟ್ಯಾಂಕರ್ ಹೊಡೆಯುತ್ತಿದ್ದರು. ರಿಂಗಾಗಿ ರಿಂಗಾಗಿ ಕೊನೆಗೆ ಎತ್ತಿದರು. ಅತ್ತ ಫೋನ್ ಅಂಬಾರಾಯನ ಕೈಗೆ ಹೋಯಿತು, ಇತ್ತ ರಾಧಿಕಾಳ ಕೈಗೆ. ಹಿಂದೆ ಮಿಕ್ಸರ್ ಗುರುಗುಡುತ್ತಿತ್ತು.

"ನಿನ್ನಿ ಹಾಕ್ರಿ ಅಂದ್ರಿ, ಇವತ್ತು ಬ್ಯಾಡ ಅಂತೀರಿ. ನಾವೇನು ಹಾಲಿಗಿ ಹೆಪ್ಪು ಹಾಕ್ಲಿಕತ್ತೀವೇನ್ರಿ ಮೇಡಂ?"

"ತಪ್ಪು ನಂದದ ಅಣ್ಣಾ. ಬೀಮಿನಾಗ ಕಬ್ಬಿಣ ಸಾಲಂಗಿಲ್ಲ. ಕೈ ಮುಗೀತೀನಿ, ನಿಲ್ಲಸ್ರಿ."

"ಬಾಗಿಲ ಕಡಿ ಮೂಲ್ಯಾಗ ಕಾಂಕ್ರೀಟ್ ಹಾಕಿ ಆಗ್ಯಾದಲ್ರಿ!"

ಕೆಂಪಾದ ಬೀಮೊಂದು ಅಲ್ಲೇ ಇತ್ತು.

"ಅದನ್ನೂ ತೆಗಸ್ರಿ. ಗಟ್ಟಿ ಆಗೋದ್ರೊಳಗ."

"ತೆಗೀರಿ ಅಂದ್ರ ಮಂದಿ ನನ್ನ ಮಾರಿಗಿ ಉಗುಳ್ತಾರ್ರಿ."

"ಸ್ಪೀಕರ್ ಹಾಕ್ರಿ. ನಾನೇ ಹೇಳ್ತೀನಿ."

ಹೇಳಿದಳು. ಗೀಟು, ಸೊನ್ನೆ, ತಾನು ಒತ್ತಿದ ಹೂಂ, ಎಲ್ಲವನ್ನೂ. ಮಿಕ್ಸರ್ ನಿಂತಿತು. ಒಬ್ಬ ಗಟ್ಟಿಯಾಗಿ ಬೈದ. ಆಮೇಲೆ ಮಜೀದಸಾಬರ ದನಿ ಕೇಳಿತು.

"ಆ ಸಲಿಕಿ ಇತ್ತ ಕೊಡಪಾ. ಟ್ಯಾಂಕರ್ ಏನ್ ಓಡಿ ಹೋಗಂಗಿಲ್ಲ."

ಕರ್ ಎಂದು ಕೆರೆಯುವ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲಿಕೆಯೂ ಸೇರಿತು.

"ಮೇಡಂ," ಅಂಬಾರಾಯನ ದನಿ ಇಳಿದಿತ್ತು, "ಮ್ಯಾಲಿಂದು ಬರ್ಲಿಕತ್ತದ. ತಳಗಿಂದು ಬಿಗೀಲಿಕತ್ತದ. ಏನಾಗ್ತದೋ ಗೊತ್ತಿಲ್ಲ. ನೀವು ಬರ್ರಿ ಮೊದಲ."

ರಶೀದಾಬೇಗಂ ತಮ್ಮ ಊಟದ ಡಬ್ಬಿಯನ್ನು ರಾಧಿಕಾಳ ಚೀಲಕ್ಕೆ ತುರುಕಿ, ಮೊಬೈಲನ್ನೂ ಅವಳ ಕೈಯಲ್ಲೇ ಬಿಟ್ಟರು. ಐನಾಪುರದ ಕಡೆ ಹೋಗುವ ಚಿಂಚೋಳಿ ಬಸ್ಸು ಹೊರಟಾಗ ಅವಳು ಅದನ್ನು ಕಿವಿಗೊತ್ತಿಕೊಂಡೇ ಇದ್ದಳು. ಸಲಿಕೆಗಳ ಸದ್ದು ಇನ್ನೂ ನಿಂತಿರಲಿಲ್ಲ.