ಪಕ್ಕದ ಮಂಚ

ಹದಿಹರೆಯದ ರೋಗಿಗಳಿಗೆಂದು ತಾನೇ ವಿನ್ಯಾಸ ಮಾಡಿದ ವಾರ್ಡಿಗೆ ಹಾನೆ ರಾವ್ನ್ ಮತ್ತೆ ಬಂದದ್ದು ಬೈಸಿಕೊಳ್ಳುವುದಕ್ಕೇ. ಡೆನ್ಮಾರ್ಕಿನ ಆ ಆಸ್ಪತ್ರೆಯಲ್ಲಿ ಕಾಫಿ, ಕೇಕಿನ ಜೊತೆ ಸಭೆಯ ಮೇಲೆ ಸಭೆ ನಡೆದು, ಎಲ್ಲರೂ ತಲೆಯಾಡಿಸಿದ ಮೇಲೆಯೇ ಒಂದೊಂದು ಗೋಡೆ ಎದ್ದಿತ್ತು. ಅಷ್ಟೆಲ್ಲ ಮಾಡಿಯೂ, ಫುಟ್‌ಬಾಲ್ ಮೇಜು, ಬಣ್ಣದ ದೀಪಗಳಿದ್ದ ಆಟದ ಕೋಣೆಗೆ ಒಂದು ನರಪಿಳ್ಳೆಯೂ ಕಾಲಿಡುತ್ತಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಬೆಳಗಿನಿಂದ ಬೈಸಿಕೊಂಡು ಹಾನೆಗೆ ನಾಚಿಕೆಪಡುವಷ್ಟೂ ತ್ರಾಣ ಉಳಿದಿರಲಿಲ್ಲ.

ಹಿರಿಯ ನರ್ಸ್ ಬೋಡಿಲ್ ಇನ್ನೊಂದು ದೂರು ಸೇರಿಸಿದಳು. ಹದಿನಾರರ ಹುಡುಗಿ ಟಿಲ್ಡೆ ಆಗಾಗ ಹೋಗಿ ಕೊಳೆ ಬಟ್ಟೆಯ ಕೋಣೆಯಲ್ಲಿ ಕೂರುತ್ತಾಳಂತೆ. ಕ್ಯಾನ್ಸರಿಗೆ ಔಷಧಿ ನಡೆಯುತ್ತಿರುವವಳಿಗೆ ಅಲ್ಲಿ ಸೋಂಕು ತಗಲಿದರೆ ಗತಿಯೇನು? ನಾಳೆಯಿಂದ ಆ ಕೋಣೆಗೆ ಬೀಗ.

ಹಾನೆ ಹೋಗಿ ನೋಡಿದರೆ ಹುಡುಗಿ ಬಟ್ಟೆಯ ಚೀಲಗಳಿಗೆ ಒರಗಿ ಕೂತಿದ್ದಳು. ನಿಲ್ಲಲಾರದೆ ಹಾನೆಯೂ ಬಾಗಿಲಲ್ಲೇ ನೆಲದ ಮೇಲೆ ಕುಳಿತಳು.

“ಕೂತ್ಕೊಳ್ಳೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?”

“ಎಲ್ಲಿದೆ? ನನ್ನ ರೂಮಲ್ಲಿ ಅಮ್ಮ ಇರ್ತಾಳೆ.”

ಇರದೆ ಏನು? ಮಕ್ಕಳ ಮಂಚದ ಪಕ್ಕ ತಾಯಿಗೋ ತಂದೆಗೋ ಇನ್ನೊಂದು ಮಂಚ ಹಾಕುವುದು ಅಲ್ಲಿನ ರೂಢಿ. ಹಾನೆ ಅದನ್ನು ಹೆಮ್ಮೆಯಿಂದ ಗೋಡೆಗೇ ಸೇರಿಸಿ ಕಟ್ಟಿಸಿದ್ದಳು.

“ಅಮ್ಮ ಒಳ್ಳೇವ್ಳೇ,” ಟಿಲ್ಡೆ ಹೇಳಿದಳು. “ಆದ್ರೆ ನಾನು ಅತ್ರೆ ಅವ್ಳೂ ಅಳ್ತಾಳೆ. ಆಮೇಲೆ ನಾನೇ ಸಮಾಧಾನ ಮಾಡ್ಬೇಕು. ನಂಗೂ ಸಾಕಾಗಲ್ವಾ? ಇಲ್ಲಿಗೂ ಬೀಗ ಹಾಕಿದ್ರೆ ಅಳೋಕೆ ಎಲ್ಲಿಗೆ ಹೋಗ್ಲಿ, ನೀವೇ ಹೇಳಿ.”

ಹಾನೆಗೆ ಆ ಸಭೆಗಳು ನೆನಪಾದವು. ಮಕ್ಕಳನ್ನೂ ಸಭೆಗೆ ಕರೆದು ಏನು ಬೇಕೆಂದು ಕೇಳಿದ್ದರು, ನಿಜ. ಆದರೆ ಒಬ್ಬೊಬ್ಬರ ಪಕ್ಕದಲ್ಲೂ ಅವರ ತಾಯಿಯನ್ನೇ ಕೂರಿಸಿದ್ದರು.

ಇನ್ನೊಂದು ಸಭೆ ಕರೆದರೆ ವರ್ಷ ಹಿಡಿಯುತ್ತದೆ. ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ಗೊಣಗುತ್ತಿದ್ದ ಬೋಡಿಲ್‌ಳನ್ನು ಕಟ್ಟಿಕೊಂಡು ಅವತ್ತೇ ಫುಟ್‌ಬಾಲ್ ಮೇಜನ್ನು ಹೊರಗೆ ತಳ್ಳಿದಳು, ಆಟದ ಕೋಣೆಯಲ್ಲಿ ತಂದೆತಾಯಿಗಳಿಗೆಂದು ಮಂಚಗಳನ್ನು ಹಾಕಿಸಿದಳು. ಟಿಲ್ಡೆಯ ತಾಯಿ ಲೋನೆ ಸುತರಾಂ ಒಪ್ಪಲಿಲ್ಲ. ಕಾಯಿಲೆಯ ಮಗಳನ್ನು ಬಿಟ್ಟು ಮಲಗುವವಳು ತಾಯಿಯೇ ಎಂದು ಜಗಳಕ್ಕೇ ನಿಂತಳು.

“ಹೋಗಮ್ಮ, ಸ್ವಲ್ಪ ಮಲ್ಕೋ,” ಟಿಲ್ಡೆ ಹೇಳಿದಳು. “ಬೇಕಾದ್ರೆ ನಾನೇ ಕರೀತೀನಿ.”

ಲೋನೆ ಹೋದಳು. ದಿಂಬಿಗೆ ತಲೆ ತಾಗಿದ್ದೇ ತಡ, ಅವಳಿಗೆ ನಿದ್ದೆ ಹತ್ತಿತು.

ಟಿಲ್ಡೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು, ಬಾಯಿಬಿಟ್ಟು ಹೋ ಎಂದು ಅಳುವ ಅಳು. ಬೋಡಿಲ್ ಓಡಿ ಬಂದು ಬಾಗಿಲಿಗೆ ಕೈ ಹಾಕಿದಳು. ಹಾನೆ ಆ ಕೈಯನ್ನು ಹಿಡಿದುಕೊಂಡಳು.

“ಬೇಡ ಬೋಡಿಲ್. ಅಳ್ಲಿ ಬಿಡು.”