ಹೆಲಿಕಾಪ್ಟರ್ ಹೊಟ್ಟೆಯ ಕೊಕ್ಕೆ

ನಾನು ಒಂದು ಕೊಕ್ಕೆ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯಲ್ಲ. ಹೆಲಿಕಾಪ್ಟರಿನ ಹೊಟ್ಟೆಗೆ ತೂಗಿಬಿದ್ದು ಸಾವಿರ ಕಿಲೋ ಹೊರುವ ಕೊಕ್ಕೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಕೆಂಪಗೆ ಕಾದು, ಪೆಟ್ಟು ತಿಂದು ಹುಟ್ಟಿದೆ. ಹುಟ್ಟಿದ ದಿನವೇ ಎರಡು ಮಾತು ಕಲಿಸಿದರು: ಹಿಡಿ, ಬಿಡು. ಹಿಡಿಯುವುದರಲ್ಲಿ ನನಗೆ ಬಹಳ ಜಂಬವಿತ್ತು. ಬಿಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುತ್ತಿದ್ದೆ.

ಮೊದಲ ಒಡೆಯರು ಕಾಡಿನ ಬೆಂಕಿ ಆರಿಸಲು ನನ್ನಿಂದ ನೀರಿನ ತೊಟ್ಟಿ ಹೊರಿಸಿದರು. ಆಮೇಲೆ ಹೆಲಿಕಾಪ್ಟರ್ ಸಮೇತ ಕೈ ಬದಲಾಯಿಸಿ ಸಂಡೂರಿನ ಗುಡ್ಡಗಳಿಗೆ ಬಂದೆ. ಅಲ್ಲಿ ರಸ್ತೆಯೇ ಇಲ್ಲದ ಗುಡ್ಡದ ನೆತ್ತಿಯಲ್ಲಿ ವಿದ್ಯುತ್ ಗೋಪುರ ಕಟ್ಟುತ್ತಿದ್ದರು. ಉಕ್ಕಿನ ಪಟ್ಟಿಗಳ ಹೊರೆಯನ್ನು ಉದ್ದ ಹಗ್ಗದಲ್ಲಿ ನನಗೆ ಸಿಕ್ಕಿಸಿ ಕಳಿಸಿದರೆ, ಮೇಲೆ ಏಳು ಜನ ಕೈಯೆತ್ತಿ ಕಾಯುತ್ತಿದ್ದರು.

ಹೊಟ್ಟೆಯಡಿ ಇರುವವನಿಗೆ ಮನುಷ್ಯರು ಕಾಣುವ ರೀತಿಯೇ ಬೇರೆ. ಪೈಲಟ್ ದೇಚಮ್ಮ ನನ್ನ ಪಾಲಿಗೆ ಒಂದು ಜೊತೆ ಕಪ್ಪು ಬೂಟು ಮತ್ತು ಹತ್ತುವ ಮುಂಚೆ ಬಗ್ಗಿ ನನ್ನನ್ನು ನೋಡುವ ಮುಖ. ಮೆಕ್ಯಾನಿಕ್ ಶಿವಪುತ್ರಪ್ಪ ಮಾತ್ರ ಅಂಗಾತ ಮಲಗಿ ನನ್ನ ಜತೆ ಮಾತಾಡುತ್ತಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ದಿನಾ ಮುಂಜಾನೆ ಮರಳಿನ ಚೀಲ ತೂಗುಹಾಕಿ, ಪೈಲಟ್ ಕೈಯಿಂದ ಗುಂಡಿ ಒತ್ತಿಸಿ, ನನ್ನ ಬಾಯಿ ತೆರೆಯುತ್ತದೆಯೋ ಎಂದು ನೋಡುತ್ತಿದ್ದ.

"ಹಿಡಕೊಳ್ಳಾಕ ಗ್ವಾಡಿ ಮೊಳೀಗೂ ಬರ್ತೈತಿ. ನೀ ಬಿಡಬೇಕಪಾ, ಬಿಡಬೇಕು," ಎನ್ನುತ್ತಿದ್ದ.

ಆ ವರ್ಷದ ಆಯುಧಪೂಜೆಗೆ ಗೋಪುರದ ಏಳೂ ಜನ ಕೆಳಗಿಳಿದು ಬಂದು ನನಗೆ ಕುಂಕುಮ ಇಟ್ಟರು. ಚೆಂಡು ಹೂವಿನ ಹಾರ ಜಾರದಿರಲೆಂದು ಬಾಳೆನಾರಿನಲ್ಲಿ ಸುತ್ತಿ ಸುತ್ತಿ ಬಿಗಿದರು. ನಾನು ಮದುಮಗನ ಹಾಗೆ ಬೀಗಿದೆ. ಮರುದಿನ ಬೆಳಿಗ್ಗೆ ಶಿವಪುತ್ರಪ್ಪ ಗುಂಡಿ ಒತ್ತಿಸಿದ. ಬಾಯಿ ತೆರೆಯಲಿಲ್ಲ. ನಾರಿನ ಎಳೆ ನನ್ನ ಕೀಲಿನೊಳಗೆ ಹೊಕ್ಕಿತ್ತು. ಅವನು ಚಾಕು ತೆಗೆದ.

ಗೋಪುರದವರ ಮೇಸ್ತ್ರಿ ಯಂಕಪ್ಪ ಅಡ್ಡ ಬಂದ. "ಮೂರು ದಿನ ತೆಗೀಬಾರ್ದು ಅಂತ ಪದ್ಧತಿ ಐತಿ. ಪೂಜಿ ಹಾರಕ್ಕ ಚಾಕು ಹಾಕ್ತಿಯೇನು? ಏನರ ಆತಂದ್ರ ನಿನ್ನ ತಲಿ ಮ್ಯಾಲೆ ನೋಡು!"

"ಬರಲಿ, ನನ್ನ ತಲಿ ಮ್ಯಾಲೇ ಬರಲಿ," ಎಂದ ಶಿವಪುತ್ರಪ್ಪ. ಹಾರ ಕತ್ತರಿಸಿ, ನಾರನ್ನು ಎಳೆ ಎಳೆಯಾಗಿ ಕಿತ್ತು, ಕುಂಕುಮ ತೊಳೆದು, ಹತ್ತು ಸಲ ಬಾಯಿ ತೆರೆಸಿ ನೋಡಿದ. ಯಂಕಪ್ಪ ಮುಖ ಊದಿಸಿಕೊಂಡು ತನ್ನವರೊಂದಿಗೆ ಗುಡ್ಡ ಹತ್ತಿದ. ಹಾರ ಹೋಯಿತೆಂದು ನನಗೂ ಸಿಟ್ಟೇ ಬಂದಿತ್ತು.

ಅದೇ ದಿನ ನಾಲ್ಕನೆಯ ಹೊರೆ. ನೆತ್ತಿ ಹತ್ತಿರ ಬಂದಿತ್ತು, ಕೆಳಗೆ ಏಳು ಜನ ಕೈಯೆತ್ತಿದ್ದರು. ಎಂಜಿನ್‌ನೊಳಗೆ ಏನೋ ಪಟ್ಟನೆ ಮುರಿದು ಸದ್ದೇ ನಿಂತುಹೋಯಿತು. ಆ ಮೌನಕ್ಕೆ ಹೆದರಿದಷ್ಟು ನಾನು ಯಾವುದಕ್ಕೂ ಹೆದರಿಲ್ಲ. ಈಗಲೇ ಬಿಟ್ಟರೆ ಏಳು ಜನ ಉಳಿಯುವುದಿಲ್ಲ. ಬಿಡದೇ ಹೋದರೆ ದೇಚಮ್ಮ ಉಳಿಯುವುದಿಲ್ಲ.

ಆಕೆ ಹೆಲಿಕಾಪ್ಟರಿನ ಮೂತಿಯನ್ನು ಕಣಿವೆಯ ಕಡೆ ತಳ್ಳಿದಳು. ಒಂದು ಕ್ಷಣ, ಎರಡು ಕ್ಷಣ ಹಲ್ಲು ಕಚ್ಚಿ ಹಿಡಿದೆ. ಹೊರೆ ಯಂಕಪ್ಪನ ತಲೆಯ ಮೇಲಿಂದ ದಾಟಿತು. ಆಕೆ ಗುಂಡಿ ಒತ್ತಿದಳು. ಬಿಟ್ಟೆ! ಹುಟ್ಟಿದಾಗಿನಿಂದ ಅಷ್ಟು ಚುರುಕಾಗಿ ಬಾಯಿ ತೆರೆದಿರಲಿಲ್ಲ. ಉಕ್ಕೆಲ್ಲ ಕಣಿವೆಗೆ ಉರುಳಿತು. ಹಗುರಾದ ಹೆಲಿಕಾಪ್ಟರ್, ನೆತ್ತಿಯ ಮೇಲೆ ಇನ್ನೂ ತಿರುಗುತ್ತಿದ್ದ ರೆಕ್ಕೆಗಳ ಬಲದಿಂದಲೇ ಇಳಿದು, ಇಳಿಜಾರಿನ ಪೊದೆಗಳಿಗೆ ಅಪ್ಪಳಿಸಿತು. ಅದರ ಬಾಲ ಮುರಿಯಿತು, ದೇಚಮ್ಮನ ಕಾಲು ಮುರಿಯಿತು. ಏಳು ಜನ ಓಡಿಬಂದು ಆಕೆಯನ್ನು ಹೊರಗೆಳೆದರು.

ಹಾರ ಕತ್ತರಿಸಿದ್ದಕ್ಕೇ ಹೀಗಾಯಿತೆಂದು ಎಲ್ಲರೂ ಶಿವಪುತ್ರಪ್ಪನನ್ನು ದೂರಿದರು. ಅವನು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ತನಿಖೆಯವರು ಎಂಜಿನ್ ಬಿಚ್ಚಿ ಒಡೆದ ಬೇರಿಂಗ್ ಒಂದನ್ನು ತೆಗೆದು ತೋರಿಸಿದರು. ಅದರ ಬಿರುಕು ಹೊರಗಿನಿಂದ ಯಾರಿಗೂ ಕಾಣುವಂಥದ್ದಲ್ಲ. ಕೊಕ್ಕೆ ಬಿಡದಿದ್ದರೆ ಪೈಲಟ್ ಬದುಕುತ್ತಿರಲಿಲ್ಲ ಎಂದೂ ಹೇಳಿದರು. ಅದನ್ನು ಕೇಳಿ ಯಂಕಪ್ಪ ತಲೆ ತಗ್ಗಿಸಿದ.

ಹೆಲಿಕಾಪ್ಟರ್ ಗುಜರಿಗೆ ಹೋಯಿತು. ನನ್ನನ್ನು ಶಿವಪುತ್ರಪ್ಪ ತನ್ನ ಕೆಲಸದ ಕೋಣೆಯ ಗೋಡೆಗೆ ಹಾಕಿಕೊಂಡ. ಹೊಸದಾಗಿ ಬಂದ ಮೆಕ್ಯಾನಿಕ್‌ಗಳಿಗೆ ನನ್ನ ಬಾಯಿ ತೆರೆದು ತೋರಿಸುತ್ತಾನೆ. ಬೈಗುಳ ಈಗ ಅವರಿಗೆ.

ಮುಂದಿನ ಆಯುಧಪೂಜೆಗೆ ಯಂಕಪ್ಪ ಹಾರ ಹಿಡಿದು ಬಂದ. ಜತೆಗೆ ಕೋಲೂರಿಕೊಂಡು ದೇಚಮ್ಮ. ಯಂಕಪ್ಪ ಬಾಗಿಲಲ್ಲೇ ನಿಂತು, "ಶಿವಪುತ್ರಣ್ಣ, ಎಲ್ಲಿ ಹಾಕ್ಲಿ?" ಎಂದು ಕೇಳಿದ.

ಶಿವಪುತ್ರಪ್ಪ ನನ್ನ ಪಕ್ಕಕ್ಕೆ ಒಂದು ಮೊಳೆ ಹೊಡೆದ. ಯಂಕಪ್ಪ ಹಾರವನ್ನು ಅದಕ್ಕೆ ಹಾಕಿ ಕೈಮುಗಿದ. ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ದೇಚಮ್ಮ ಹತ್ತಿರ ಬಂದು ನನ್ನ ಕೀಲನ್ನು ಮೆಲ್ಲಗೆ ಒತ್ತಿದಳು. ನಾನು ತಟ್ಟನೆ ಬಾಯಿ ತೆರೆದೆ.