ಅಳತೆ ಬಳೆ

ಗವಿಪುರಂನ ಅಕ್ಕಯಮ್ಮ ಹಾಲಿನ ಪ್ಯಾಕೆಟ್ಟನ್ನೂ ಒಮ್ಮೆ ಅಲುಗಾಡಿಸಿ ನೋಡಿಯೇ ಒಳಗೆ ತೆಗೆದುಕೊಳ್ಳುವವರು. ತರಕಾರಿ ಗಾಡಿಯವನು ತಾನಾಗಿ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೆ, ಇವತ್ತು ಬದನೆಕಾಯಿಯಲ್ಲಿ ಹುಳ ಇರಬೇಕು ಎಂದು ತೀರ್ಮಾನಿಸುವವರು. ಅಂಥವರ ಸೊಸೆ ತೇಜಶ್ರೀಯನ್ನು ಎಂಟನೇ ತಿಂಗಳಲ್ಲಿ ಆಸ್ಪತ್ರೆಯವರು "ಬಿಪಿ ಜಾಸ್ತಿ ಇದೆ, ಹೆರಿಗೆ ತನಕ ಇಲ್ಲೇ ಇರಲಿ" ಎಂದು ಉಳಿಸಿಕೊಂಡರೆ ಸುಮ್ಮನಿರುತ್ತಾರೆಯೇ?

"ನೋವಿಲ್ಲ, ಜ್ವರ ಇಲ್ಲ. ಊಟ ಮಾಡ್ತಾಳೆ, ಫೋನಲ್ಲಿ ನಗ್ತಾಳೆ. ಇದ್ಯಾವ ಸೀಮೆ ಕಾಯಿಲೆನೋ?" ಎಂದು ಮಗನನ್ನು ಕೇಳಿದರು.

"ಡಾಕ್ಟ್ರು ಹೇಳಿದಾರಲ್ಲಮ್ಮ, ಹೈ ರಿಸ್ಕು ಅಂತ," ಎಂದ ಸ್ವರೂಪ.

"ಅವರು ಹೇಳ್ತಾರೆ, ನೀನು ಕೇಳ್ತೀಯ. ನಿನ್ನ ಹೊಟ್ಟೇಲಿಟ್ಕೊಂಡು ನಾನು ರಾಗಿ ಬೀಸಿದೀನಿ ಕಣೋ!"

ಸ್ವರೂಪ ಆ ರಾಗಿಯ ಸಮಾಚಾರವನ್ನು ಹುಟ್ಟಿದಾಗಿನಿಂದ ಕೇಳಿದವನು. ಹೆಲ್ಮೆಟ್ ಹಾಕಿಕೊಂಡು ಹೊರಟ.

ಅಕ್ಕಯಮ್ಮ ಖುದ್ದಾಗಿ ವಾರ್ಡಿನಲ್ಲಿ ಕುಳಿತು ನೋಡಿದರು. ನರ್ಸ್ ಬಂದು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾಳೆ. ಮೂತ್ರ ಪರೀಕ್ಷೆಗೆ ಒಯ್ಯುತ್ತಾಳೆ. ಮಗುವಿನ ಎದೆಬಡಿತ ಕೇಳಿಸಿಕೊಂಡು ಹೋಗುತ್ತಾಳೆ. ಒಂದು ಗ್ಲೂಕೋಸ್ ಬಾಟಲಿಯನ್ನೂ ನೇತು ಹಾಕಿಲ್ಲ! ಇದೆಂಥ ಚಿಕಿತ್ಸೆ? ಒಂದೋ ಆಸ್ಪತ್ರೆಯವರು ಮಂಚ ತುಂಬಿಸುತ್ತಿದ್ದಾರೆ, ಇಲ್ಲವೇ ಸೊಸೆ ಅಡುಗೆಮನೆಯಿಂದ ತಪ್ಪಿಸಿಕೊಂಡಿದ್ದಾಳೆ. ಅಕ್ಕಯಮ್ಮ ಎರಡೂ ಅನುಮಾನಗಳನ್ನು ಒಟ್ಟಿಗೇ ಸಾಕಿಕೊಂಡರು.

ತೇಜಶ್ರೀಗೆ ತಾಯಿ ಇಲ್ಲ. ನೋಡಲು ಬಂದ ನೆಂಟರು ಕಿತ್ತಳೆ ಹಣ್ಣು ತರುತ್ತಿದ್ದರು, ಜೊತೆಗೆ ಯಾರ ಯಾರದೋ ಕೆಟ್ಟ ಹೆರಿಗೆಯ ಕಥೆಗಳನ್ನೂ ತರುತ್ತಿದ್ದರು. ಹಣ್ಣು ಅವರೇ ಸುಲಿದು ತಿಂದು, ಕಥೆ ಮಾತ್ರ ಬಿಟ್ಟು ಹೋಗುತ್ತಿದ್ದರು. ಅತ್ತೆಯದು ಒಂದೇ ಪ್ರಶ್ನೆ: "ಮನೆಗೆ ಯಾವಾಗ ಬರ್ತೀಯ?"

"ನಾನೇನು ಬೇಕೂಂತ ಮಲಗಿದೀನಾ ಅತ್ತೆ?" ಎಂದು ಅವಳು ಗೋಡೆ ಕಡೆ ತಿರುಗಿಕೊಂಡಳು.

ಅಕ್ಕಯಮ್ಮನಿಗೆ ಇದೂ ನಾಟಕವೇ. ಆದರೂ ಬಳೆ ತೊಡಿಸುವ ಶಾಸ್ತ್ರ ಬಿಡಲಾದೀತೇ? ಒಂದು ಉಪಾಯ ಮಾಡಿದರು.

"ಸೋಮವಾರ ಒಳ್ಳೇ ದಿನ. ಗಾಳಿಗೆ ಅಂತ ಕೆಳಗಿಳಿದು ಬಾ, ಆಟೋ ನಿಲ್ಲಿಸಿರ್ತೀನಿ. ಬಳೆ ತೊಟ್ಟು, ಆರತಿ ಮಾಡಿಸ್ಕೊಂಡು ವಾಪಸ್ ಬಂದ್ಬಿಡು. ನರ್ಸಿಗೆ ಯಾಕೆ ಹೇಳ್ಬೇಕು?"

ಗೋಡೆ ನೋಡಿ ನೋಡಿ ಸಾಕಾಗಿದ್ದ ತೇಜಶ್ರೀ ಹೂಂ ಎಂದಳು.

ಅಕ್ಕಯಮ್ಮ ಸೊಸೆಯ ಹಳೇ ಬಳೆಯೊಂದನ್ನು ಅಳತೆಗೆ ಹಿಡಿದು ಬಳೇಪೇಟೆಗೆ ಹೋದರು. ಒಂದೊಂದು ಹಸಿರು ಬಳೆಯನ್ನೂ ಅಳತೆ ಬಳೆಯ ಮೇಲೆ ಕೂರಿಸಿ ನೋಡಿಯೇ ಕೊಂಡರು. ಅಂಗಡಿಯ ನಂಜುಂಡಯ್ಯ ಆಕಳಿಸಿದರೂ ಬಿಡಲಿಲ್ಲ.

ಸೋಮವಾರ ಪಕ್ಕದ ಮನೆಯ ಕಾವೇರಮ್ಮ ಜೊತೆಗೆ ಹೊರಟರು. ದಾರಿಯಲ್ಲಿ ಉಪಾಯ ಕೇಳಿ ಅವರ ಮುಖ ಸಣ್ಣಗಾಯಿತು.

"ಬೇಡ ಅಕ್ಕಯಮ್ಮ. ನನ್ನ ಮಗಳಿಗೂ ಹೀಗೇ ಆಗಿತ್ತು. ಬಿಪಿ ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗಲ್ಲ. ಒಂದೇ ಸಲ ಫಿಟ್ಸ್ ಬಂದ್ಬಿಡಬಹುದು. ತಾಯಿಗೂ ಅಪಾಯ, ಮಗುಗೂ ಅಪಾಯ. ಅದಕ್ಕೇ ಕಾಯ್ಕೊಂಡು ಕೂತಿರ್ತಾರೆ."

"ಕಾಯೋಕೆ ಆಸ್ಪತ್ರೆ ಯಾಕೆ? ಮನೇಲಿ ನಾನಿಲ್ವಾ?"

"ನೀವು ಕಾಯ್ತೀರಿ, ಸರಿ. ಫಿಟ್ಸ್ ಬಂದ್ರೆ ಏನ್ ಮಾಡ್ತೀರಿ?"

ಅಕ್ಕಯಮ್ಮ ರಸ್ತೆ ಕಡೆ ನೋಡತೊಡಗಿದರು. ಈ ಕಾವೇರಮ್ಮನಿಗೆ ಆಸ್ಪತ್ರೆಯವರು ಏನಾದರೂ ಕೊಟ್ಟಿರಬಹುದೇ?

ತೇಜಶ್ರೀ ತಲೆ ಬಾಚಿಕೊಂಡು ಸಿದ್ಧಳಾಗಿದ್ದಳು. ಬರಿಗೈಯಲ್ಲಿ ಹೊರಡುವುದು ಬೇಡವೆಂದು ಅಕ್ಕಯಮ್ಮ ಒಂದು ಬಳೆ ತೊಡಿಸಲು ಹೋದರು. ಬಳೆ ಬೆರಳುಗಳ ಗೆಣ್ಣಿನಲ್ಲೇ ನಿಂತಿತು.

"ನೋಡಿದ್ರಾ? ಆ ನಂಜುಂಡಯ್ಯ ಅಳತೆ ತಪ್ಪಿಸಿ ಕೊಟ್ಟಿದಾನೆ!"

"ಅಳತೆ ಬಳೇನೇ ಹಾಕಿ ನೋಡಿ," ಎಂದರು ಕಾವೇರಮ್ಮ.

ಸೊಸೆಯದೇ ಬಳೆ. ಅದೂ ಅಲ್ಲೇ ನಿಂತಿತು.

ಅಕ್ಕಯಮ್ಮ ಬಳೆ ನೋಡಿದರು, ಕೈ ನೋಡಿದರು, ತಲೆಯೆತ್ತಿ ಸೊಸೆಯ ಮುಖ ನೋಡಿದರು. ರೆಪ್ಪೆಗಳು ಊದಿಕೊಂಡಿದ್ದವು.

"ಏನಾಗ್ತಿದೆಯೇ ನಿಂಗೆ? ನಿಜ ಹೇಳು."

"ಬಿಪಿ ನೋಡ್ಕೊಂಡು ಹೋದ್ಮೇಲೆ ತಲೆ ಸಿಡೀತಿದೆ ಅತ್ತೆ. ಕಣ್ಣ ಮುಂದೆ ಮಿಂಚು ಮಿಂಚು. ಹೇಳಿದ್ರೆ ನಾಟಕ ಅಂತೀರಿ ಅಂತ..."

"ಸಿಸ್ಟರ್! ಬನ್ರೀ ಬೇಗ!" ಅಕ್ಕಯಮ್ಮನ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು.

ನರ್ಸ್ ಭಾಗ್ಯ ಓಡಿ ಬಂದು ಬಿಪಿ ನೋಡಿದಳು. ಮತ್ತೊಮ್ಮೆ ನೋಡಲಿಲ್ಲ, ಡಾಕ್ಟರನ್ನು ಕರೆದಳು. ಇಂಜೆಕ್ಷನ್ ಬಂತು. ಅಕ್ಕಯಮ್ಮ ಇಷ್ಟು ದಿನ ಕೇಳುತ್ತಿದ್ದ ಬಾಟಲಿಯೂ ಕಂಬಕ್ಕೆ ನೇತಾಡಿತು. ಈಗ ಅದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ಕೆಳಗೆ ಆಟೋದವನು ಕಾಯುತ್ತಲೇ ಇದ್ದ.

ಬಿಪಿ ಹತೋಟಿಗೆ ಬಂತು. ಅಂದಿನಿಂದ ಮಂಚದ ಪಕ್ಕದ ಸ್ಟೂಲು ಅಕ್ಕಯಮ್ಮನದಾಯಿತು. ಮಧ್ಯಾಹ್ನ ಕಾವೇರಮ್ಮ, ಆಫೀಸು ಬಿಟ್ಟ ಮೇಲೆ ಸ್ವರೂಪ. ಬೇಕಾದರೆ ಇರಲಿ ಎಂದು ರಕ್ತ ಕೊಡುವ ಗೆಳೆಯರನ್ನೂ ಅವನು ಮಾತಾಡಿಸಿಟ್ಟ. ಮನೆ ಊಟದಲ್ಲಿ ಏನು ತರಬಹುದು, ಮೂತ್ರದಲ್ಲಿ ಏನು ಹುಡುಕುತ್ತೀರಿ ಎಂದು ಅಕ್ಕಯಮ್ಮ ಡಾಕ್ಟರನ್ನು ಅಡ್ಡಗಟ್ಟಿ ಕೇಳಿದರು. "ಪ್ರೋಟೀನ್ ಹೋಗ್ತಿದೆಯಾ ಅಂತ ನೋಡ್ತೀವಿ. ಹೋದ್ರೆ ಕಾಯಿಲೆ ಮುಂದುವರೀತಿರಬಹುದು," ಎಂದು ಅವರು ಬಿಡಿಸಿ ಹೇಳಿದರು. ಕಿತ್ತಳೆ ನೆಂಟರು ಬಂದಾಗ ಮಾತ್ರ ಅಕ್ಕಯಮ್ಮ ಬಾಗಿಲಲ್ಲೇ ನಿಂತು, "ನೋಡೋಕೆ ಬಂದಿದೀರಾ, ಕಥೆ ಹೇಳೋಕಾ?" ಎನ್ನುತ್ತಿದ್ದರು.

ಕೆಲವು ದಿನಗಳಲ್ಲೇ ಆಪರೇಷನ್ ಆಯಿತು. ಮಗು ಸಣ್ಣದು, ಗಂಟಲು ಮಾತ್ರ ಅಜ್ಜಿಯದು. ಅಕ್ಕಯಮ್ಮ ಸೊಸೆಯ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಬಳೇಪೇಟೆಗೆ ಹೋಗಿ ನಂಜುಂಡಯ್ಯನ ಹತ್ತಿರ, "ನಿನ್ನ ಅಳತೆ ಸರಿ ಇತ್ತು ಕಣಪ್ಪಾ," ಎಂದು ಬಂದರು. ಯಾವಾಗ ತಪ್ಪು ಎಂದಿದ್ದರೋ ಅವನಿಗೆ ತಿಳಿಯಲೇ ಇಲ್ಲ. ಅದನ್ನು ಕೇಳಿದ ಬಾಣಂತಿಗೆ ತಿಳಿಯಿತು.

ನಿಮ್ಮ ಮನೆಯ ಹೆಣ್ಣುಮಗಳೂ ಹೆರಿಗೆಗೆ ಮೊದಲೇ ಆಸ್ಪತ್ರೆ ಸೇರಿದ್ದಾಳೆಯೇ? ನೋಡಲು ಚೆನ್ನಾಗಿದ್ದಾಳೆ ಎಂದು ಕರೆದುಕೊಂಡು ಹೊರಡಬೇಡಿ. ಸರದಿ ಮಾಡಿಕೊಂಡು ಜೊತೆಗಿರಿ, ಹೆದರಿಸುವ ಕಥೆ ಬಿಡಿ, ಸಂಶಯ ಇದ್ದರೆ ಡಾಕ್ಟರನ್ನೇ ಕೇಳಿ. ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ರಕ್ತಸ್ರಾವ, ಮಗುವಿನ ಓಡಾಟ ಕಡಿಮೆಯಾಗುವುದು: ಇದರಲ್ಲಿ ಯಾವುದಾದರೊಂದು ಕಂಡರೂ ತಕ್ಷಣ ನರ್ಸಿಗೋ ಡಾಕ್ಟರಿಗೋ ತಿಳಿಸಿ. ಅನುಮಾನ ಪಡುವ ಅಭ್ಯಾಸವಿದ್ದರೆ ಬಿಡಬೇಕಾಗಿಲ್ಲ. ಈ ಲಕ್ಷಣಗಳ ಮೇಲೆ ಎಷ್ಟು ಬೇಕಾದರೂ ಅನುಮಾನ ಪಡಿ. ಅವಳು ನೋವು ಎಂದಾಗ ಮಾತ್ರ, ನಂಬಿ.